ವಸಂತ ಕಾಲಕ್ಕೆ ಒಪ್ಪುವ ಹಗುರ ಊಟ: ಕಡೂರು, ತರೀಕೆರೆ, ಅಜ್ಜಂಪುರದ ರೈತರಿಗೆ

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಯಿತೆಂದರೆ ನಮ್ಮ ಕಡೆ ಎರಡು ಬದಲಾವಣೆಗಳು ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಕಣದ ಕೆಲಸ ಮುಗಿದು ರಾಗಿ ಮನೆ ಸೇರಿರುತ್ತದೆ, ಮೈ ಮುರಿಯುವ ದುಡಿಮೆ ಕಡಿಮೆಯಾಗಿರುತ್ತದೆ. ಅದೇ ವೇಳೆಗೆ ಬಿಸಿಲೇರಿ ಹಸಿವು ಕುಗ್ಗುತ್ತದೆ, ದಾಹ ಹೆಚ್ಚುತ್ತದೆ. ಆದರೆ ತಟ್ಟೆಯಲ್ಲಿ ಮಾತ್ರ ಯಾವ ಬದಲಾವಣೆಯೂ ಆಗುವುದಿಲ್ಲ. ಸುಗ್ಗಿಯಲ್ಲಿ ಉಂಡಷ್ಟೇ ಗಾತ್ರದ ಮುದ್ದೆ, ಅದಾದ ಮೇಲೆ ಅನ್ನ, ಎರಡಕ್ಕೂ ಸೇರಿ ಒಂದು ಸೌಟು ತೆಳು ಸಾರು, ನಂಚಿಕೊಳ್ಳಲು ಉಪ್ಪಿನಕಾಯಿ.

ಫಾಲ್ಗುಣದಿಂದ ವೈಶಾಖದವರೆಗೆ ಈ ಮೂರು ತಾಲ್ಲೂಕುಗಳ ನೆಲ ಕೊಡುವ ಸೊಪ್ಪು, ಕಾಯಿ, ಕಾಳುಗಳಿಂದಲೇ ಊಟವನ್ನು ಹಗುರ ಮಾಡಿಕೊಳ್ಳಲು ಸಾಧ್ಯವಿದೆ. ಆದರೆ ಅವು ತಟ್ಟೆಗೆ ಬರಬೇಕಾದರೆ ಮೊದಲು ಹೊಲದಲ್ಲಿ, ಬದುವಿನಲ್ಲಿ, ಹಿತ್ತಲಿನಲ್ಲಿ ಉಳಿದಿರಬೇಕು. ಬೇಸಾಯ ಶಾಸ್ತ್ರದವನಿಗೆ ಅಡುಗೆಮನೆಯಲ್ಲಿ ಏನು ಕೆಲಸವೆಂದು ನೀವು ಕೇಳಬಹುದು. ಕಳೆಯೆಂದು ಹೆಸರಿಟ್ಟು ನಾವು ನಾಶಪಡಿಸಲು ಹೇಳಿಕೊಟ್ಟ ಗಿಡಗಳಲ್ಲಿ ಹಲವು ನಿಮ್ಮ ಅಜ್ಜಿಯವರ ಕಾಲದಲ್ಲಿ ಸಾರಿನ ಮಡಕೆ ಸೇರುತ್ತಿದ್ದವು. ಆದ್ದರಿಂದ ಈ ವಿಷಯ ನಮಗೂ ಸಂಬಂಧಿಸಿದ್ದೇ ಆಗಿದೆ.

ಮುದ್ದೆಯ ಲೆಕ್ಕ

ಹಿಟ್ಟು ತಿಂದವನು ಬೆಟ್ಟ ಕಿತ್ತಾನು ಎಂಬುದು ಹಳೆಯ ಮಾತು. ಮಾತು ಸರಿಯೇ. ಆದರೆ ಈಗ ಬೆಟ್ಟ ಕೀಳುವ ಕೆಲಸವನ್ನು ಬಹುಮಟ್ಟಿಗೆ ಟ್ರ್ಯಾಕ್ಟರ್ ಮಾಡುತ್ತಿದೆ. ಜೋಡೆತ್ತು ಕಟ್ಟಿ ದಿನವಿಡೀ ಮಾಗಿ ಉಳುಮೆ ಮಾಡುತ್ತಿದ್ದವರಿಗೆ ಬೇಕಾಗಿದ್ದ ಅಳತೆಯ ಊಟವನ್ನು ಟ್ರ್ಯಾಕ್ಟರಿನವನಿಗೆ ಬಾಡಿಗೆ ಕೊಟ್ಟು ಬದುವಿನ ಮೇಲೆ ನಿಂತು ನೋಡುವವರೂ ಉಣ್ಣುತ್ತಿದ್ದಾರೆ.

ರಾಗಿ ಹಗುರ, ಅಕ್ಕಿ ಭಾರ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ೨೦೨೩ನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲಂತೂ ಈ ನಂಬಿಕೆ ಪಟ್ಟಣಗಳಿಗೂ ಹಬ್ಬಿದೆ. ಶಕ್ತಿಯ ಲೆಕ್ಕದಲ್ಲಿ ಎರಡಕ್ಕೂ ಹೆಚ್ಚಿನ ಅಂತರವಿಲ್ಲ. ೧೦೦ ಗ್ರಾಂ ರಾಗಿ ಹಿಟ್ಟಿನಿಂದ ಸುಮಾರು ೩೨೦ ಕ್ಯಾಲೊರಿ ದೊರೆತರೆ, ಅಷ್ಟೇ ಅಕ್ಕಿಯಿಂದ ಸುಮಾರು ೩೫೦ ದೊರೆಯುತ್ತದೆ. ರಾಗಿಯ ಹೆಚ್ಚುಗಾರಿಕೆ ಇರುವುದು ನಾರಿನಲ್ಲಿ ಮತ್ತು ಸುಣ್ಣದ ಅಂಶದಲ್ಲಿ. ೧೦೦ ಗ್ರಾಂ ರಾಗಿಯಲ್ಲಿ ೩೪೦ ಮಿಲಿಗ್ರಾಂಗೂ ಹೆಚ್ಚು ಸುಣ್ಣವಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು ೧೦ ಮಿಲಿಗ್ರಾಂ ಮಾತ್ರ. ಆದ್ದರಿಂದ ರಾಗಿಯನ್ನು ಬಿಡಬೇಡಿ ಎನ್ನುವವರಲ್ಲಿ ನಾನೂ ಒಬ್ಬ. ಆದರೆ ರಾಗಿ ಉಂಡರೆ ಸಕ್ಕರೆ ಕಾಯಿಲೆ ಹತ್ತಿರ ಸುಳಿಯುವುದಿಲ್ಲ, ಎಷ್ಟು ಉಂಡರೂ ನಡೆಯುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ನುಣ್ಣಗೆ ಬೀಸಿ ಬೇಯಿಸಿದ ಹಿಟ್ಟಿನ ಪಿಷ್ಟ ರಕ್ತದಲ್ಲಿ ಸಕ್ಕರೆಯಾಗಿಯೇ ಸೇರುತ್ತದೆ. ಅದನ್ನು ನಿಧಾನಗೊಳಿಸುವುದು ಮುದ್ದೆಯ ಜೊತೆಗಿರುವ ಸೊಪ್ಪು ಮತ್ತು ಕಾಳು.

ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. ೨೦೧೩ರಲ್ಲಿ ಅನ್ನಭಾಗ್ಯ ಯೋಜನೆ ಬಂದ ಮೇಲೆ ಹಸಿವಿನ ಭಯ ಬಹಳಷ್ಟು ದೂರವಾಯಿತು. ಅದು ಸಣ್ಣ ಸಂಗತಿಯಲ್ಲ. ಆದರೆ ಮುದ್ದೆಯ ಬದಲಿಗೆ ಬರಬೇಕಾಗಿದ್ದ ಅನ್ನ ಅನೇಕ ಮನೆಗಳಲ್ಲಿ ಮುದ್ದೆಯ ಮೇಲೆ ಬಂದು ಕುಳಿತಿದೆ. ಧಾನ್ಯ ಎರಡು ಪಾಲಾಯಿತು, ಕಾಳು, ತರಕಾರಿ ಮೊದಲಿನಷ್ಟೇ ಅಥವಾ ಮೊದಲಿಗಿಂತ ಕಡಿಮೆಯಾಯಿತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ೨೦೨೪ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ನೂರಕ್ಕೆ ೪೫ನ್ನು ಮೀರದಿರುವುದು ಒಳ್ಳೆಯದು. ನಮ್ಮ ಮುದ್ದೆ-ಅನ್ನದ ಊಟ ಇದನ್ನು ಎಷ್ಟು ದೂರ ದಾಟಿದೆಯೆಂದು ತಿಳಿಯಲು ತಕ್ಕಡಿ ಬೇಕಾಗಿಲ್ಲ, ಕಣ್ಣಳತೆಯೇ ಸಾಕು.

ಈ ಮೂರು ತಿಂಗಳು ೧೦೦ ಗ್ರಾಂ ಹಿಟ್ಟಿನ ಮುದ್ದೆ ಉಣ್ಣುವವರು ಅದನ್ನು ೭೦ ಗ್ರಾಂಗೆ ಇಳಿಸಿ, ಬಿಟ್ಟ ೩೦ ಗ್ರಾಂ ಹಿಟ್ಟಿನ ಜಾಗಕ್ಕೆ ಒಂದು ಹಿಡಿ ಕಾಳು ಮತ್ತು ಎರಡು ಸೌಟು ಗಟ್ಟಿ ಸೊಪ್ಪು ಅಥವಾ ತರಕಾರಿ ಹಾಕಿಕೊಂಡು ನೋಡಿ. ಮುದ್ದೆ ಇದ್ದ ಹೊತ್ತಿಗೆ ಅನ್ನ ಅರ್ಧ ಸೌಟು ಸಾಕು. ಹೊಟ್ಟೆ ತುಂಬುತ್ತದೆ, ಊಟವಾದ ಮೇಲೆ ಕವಿಯುವ ಮಂಪರು ಕಡಿಮೆಯಾಗುತ್ತದೆ.

ಈ ಮಾತು ಎಲ್ಲರಿಗೂ ಅಲ್ಲ. ಅಡಿಕೆ ತೋಟದಲ್ಲಿ ಗುಂಡಿ ತೋಡುವವರು, ಕೆರೆ ಹೂಳೆತ್ತುವ ಕೂಲಿಗೆ ಹೋಗುವವರು, ಬೆಳೆಯುವ ಮಕ್ಕಳು, ಬಸುರಿ ಬಾಣಂತಿಯರು ಹಿಟ್ಟನ್ನು ಕಡಿಮೆ ಮಾಡಬೇಕಾಗಿಲ್ಲ. ಅವರಿಗೆ ಸೊಪ್ಪು ಕಾಳು ಹೆಚ್ಚಾಗಲಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟವನ್ನು ದಿಢೀರನೆ ಇಳಿಸಕೂಡದು. ರಕ್ತದ ಸಕ್ಕರೆ ತೀರಾ ಕುಸಿದು ತಲೆಸುತ್ತು, ಬೆವರು ಬಂದು ಬೀಳುವ ಅಪಾಯವಿದೆ.

ಮೂರು ತಾಲ್ಲೂಕು, ಮೂರು ಬಗೆಯ ನೆಲ

ಕಡೂರು ಮಳೆ ನೆರಳಿನ ಬಯಲು. ಚಂದ್ರದ್ರೋಣ ಬೆಟ್ಟಗಳು ಮುಂಗಾರಿನ ಬಹುಪಾಲನ್ನು ತಮ್ಮ ಆಚೆಯೇ ಇಳಿಸಿಕೊಳ್ಳುತ್ತವೆ. ವೇದಾವತಿಯ ಪಾತ್ರದಲ್ಲಿ ಬೇಸಿಗೆಗೆ ಮರಳೇ ಹೆಚ್ಚು. ಇಲ್ಲಿ ವಸಂತದ ಊಟಕ್ಕೆ ಆಧಾರ ನೀರು ಕೇಳದ ಮರಗಳು: ನುಗ್ಗೆ, ಹುಣಸೆ, ಮಾವು, ತೆಂಗು. ನುಗ್ಗೆ ಕಾಯಿ ಬಿಡುವುದೇ ಈ ತಿಂಗಳುಗಳಲ್ಲಿ. ನಾವು ಕಾಯಿಯನ್ನು ಹೊಗಳಿ ಸೊಪ್ಪನ್ನು ಮರೆಯುತ್ತೇವೆ. ೧೦೦ ಗ್ರಾಂ ನುಗ್ಗೆ ಸೊಪ್ಪಿನಲ್ಲಿ ೩೦೦ ಮಿಲಿಗ್ರಾಂಗೂ ಮೀರಿ ಸುಣ್ಣವಿದೆ, ಕಣ್ಣಿಗೆ ಬೇಕಾದ ಎ ಜೀವಸತ್ತ್ವದ ಮೂಲವೂ ಧಾರಾಳವಾಗಿದೆ. ಸೊಪ್ಪನ್ನು ರೊಟ್ಟಿ ಹಿಟ್ಟಿಗೆ ಕಲಸಬಹುದು, ಹೆಸರುಕಾಳಿನ ಜೊತೆ ಪಲ್ಯ ಮಾಡಬಹುದು. ಹುಣಸೆಯ ಎಳೆ ಚಿಗುರು ಸಿಗುವುದು ಕೆಲವೇ ದಿನ. ಆ ದಿನಗಳಲ್ಲಿ ಬೇಳೆಯೊಡನೆ ಬೇಯಿಸಿದ ಚಿಗುರಿನ ಸಾರಿಗೆ ಬೇರೆ ಹುಳಿಯೇ ಬೇಡ.

ತರೀಕೆರೆಯದು ಅರೆಮಲೆನಾಡು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆ ಇರುವುದರಿಂದ ನಾಲೆ ಬಯಲಿನಲ್ಲಿ ಬೇಸಿಗೆಯಲ್ಲೂ ಹಸಿರು ಕಾಣುತ್ತದೆ. ಅಡಿಕೆ ತೋಟದ ತಂಪಿನಲ್ಲಿ ಒಂದೆಲಗ ತಾನಾಗಿಯೇ ಹಬ್ಬುತ್ತದೆ, ಕಾಲುವೆಯಂಚಿನಲ್ಲಿ ಹೊನಗೊನೆ ಬೆಳೆಯುತ್ತದೆ. ಬೆಟ್ಟದ ಕಡೆಯ ಹಳ್ಳಿಗಳಲ್ಲಿ ಎಳೆ ಹಲಸಿನಕಾಯಿ ಈ ಕಾಲದ ತರಕಾರಿ. ಮಲೆನಾಡಿನವರಿಂದ ಬಯಲಿನವರು ಕಲಿಯಬಹುದಾದದ್ದು ತಂಬುಳಿ. ಒಂದೆಲಗ ಅಥವಾ ದೊಡ್ಡಪತ್ರೆಯನ್ನು ತುಸು ಬಾಡಿಸಿ, ಜೀರಿಗೆ, ಕಾಳುಮೆಣಸು, ಸ್ವಲ್ಪ ತೆಂಗಿನಕಾಯಿಯೊಡನೆ ರುಬ್ಬಿ ಮಜ್ಜಿಗೆಗೆ ಸೇರಿಸಿದರಾಯಿತು. ಒಲೆ ಉರಿಸುವ ಹೊತ್ತು ಉಳಿಯುತ್ತದೆ. ಬಿಸಿಲಿನಲ್ಲಿ ಇದೇನು ಕಡಿಮೆ ಲಾಭವೆ?

ಹಿಂದೆ ತರೀಕೆರೆಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರದಲ್ಲಿ ಕಪ್ಪು ಮಣ್ಣಿನ ಹೊಲಗಳು ಹೆಚ್ಚು. ಹಿಂಗಾರಿ ಕಡಲೆ ಕಿತ್ತು ಮನೆ ಸೇರಿರುವ ಕಾಲವಿದು. ಚೀಲ ಕಟ್ಟಿ ಪೇಟೆಗೆ ಕಳುಹಿಸುವ ಮೊದಲು ಮನೆಗೆ ಎಷ್ಟು ಬೇಕೆಂದು ಲೆಕ್ಕ ಹಾಕಿ. ಐವರ ಮನೆಯಲ್ಲಿ ದಿನಕ್ಕೆ ತಲೆಗೆ ೩೦ ಗ್ರಾಂ ಕಾಳು ಎಂದರೆ ತಿಂಗಳಿಗೆ ನಾಲ್ಕೂವರೆ ಕಿಲೋ, ಮೂರು ತಿಂಗಳಿಗೆ ಹದಿಮೂರೂವರೆ ಕಿಲೋ. ಒಂದು ಸಣ್ಣ ಚೀಲ! ಇಷ್ಟನ್ನು ಉಳಿಸಿಕೊಳ್ಳದೆ ಮಾರಿ, ಆಮೇಲೆ ಅಂಗಡಿಯಿಂದ ಕಾಲು ಕಿಲೋ ಕಾಲು ಕಿಲೋ ತರುವುದು ಬುದ್ಧಿವಂತಿಕೆಯಲ್ಲ.

ಅಜ್ಜಂಪುರದ ಹೆಸರು ಬಂದಾಗ ಅಮೃತ ಮಹಲ್ ರಾಸುಗಳ ನೆನಪು ಬರುತ್ತದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಈ ಹಿಂಡಿನ ಇಲಾಖೆಗೆ ಬೆಣ್ಣೆ ಚಾವಡಿ ಎಂಬ ಹೆಸರಿತ್ತು, ಅಮೃತ ಮಹಲ್ ಎಂಬ ಹೆಸರು ಟಿಪ್ಪುವಿನ ಕಾಲದ್ದು. ಹೆಸರಿನಲ್ಲಿ ಬೆಣ್ಣೆಯಿದ್ದರೂ ಈ ತಳಿ ಹೆಸರಾದದ್ದು ಎಳೆಯುವ ಬಲಕ್ಕೆ, ಹಾಲಿಗಲ್ಲ. ಇಂದು ಮನೆಮನೆಯಲ್ಲಿ ಮಿಶ್ರತಳಿ ಹಸುಗಳಿವೆ, ಹಾಲು ಧಾರಾಳವಾಗಿದೆ. ಆದರೂ ಡೇರಿಗೆ ಹಾಲು ಅಳೆದು ಬಂದ ಮನೆಯಲ್ಲಿ ಮಜ್ಜಿಗೆ ಇಲ್ಲದಿರುವುದನ್ನು ಕಾಣುತ್ತೇವೆ. ಬೇಸಿಗೆಯಲ್ಲಿ ದಿನಕ್ಕೆ ಒಂದು ಲೀಟರನ್ನಾದರೂ ಹೆಪ್ಪಿಗೆ ಉಳಿಸಿಕೊಳ್ಳಿ. ನೀರು ಮಜ್ಜಿಗೆಯಾಗಿ ಅದು ಇಡೀ ಮನೆಗೆ ಸಾಕಾಗುತ್ತದೆ.

ಬೆರಕೆ ಸೊಪ್ಪು ಮತ್ತು ಕಳೆನಾಶಕ

ರೇವತಿ ಮಳೆ ಬಂದರೆ ಅದೃಷ್ಟ. ಸಾಧಾರಣವಾಗಿ ಏಪ್ರಿಲ್ ಮಧ್ಯದಿಂದ ಮೇ ಎರಡನೆಯ ವಾರದೊಳಗೆ ಅಶ್ವಿನಿ, ಭರಣಿ ಮಳೆಗಳು ಒಂದೆರಡು ಹದ ಕೊಡುತ್ತವೆ. ಬೀಳು ಹೊಲದಲ್ಲಿ, ಬದುವಿನಲ್ಲಿ ಸೊಪ್ಪು ಏಳುವುದು ಆಗಲೇ. ಅಣ್ಣೆ, ಗೋಣಿ, ಕನ್ನೆ, ಕಿರಕೀರೆ, ಮುಳ್ಳು ಹರಿವೆ, ಗಣಿಕೆ, ಹೀಗೆ ನಾಲ್ಕಾರು ಬಗೆ ಕೂಡಿದರೆ ಬೆರಕೆ ಸೊಪ್ಪು. ಬಿತ್ತದೆ, ನೀರು ಗೊಬ್ಬರ ಕೊಡದೆ ಬಂದ ಬೆಳೆಯಿದು. ಇದನ್ನು ಗುರುತಿಸಿ ಆಯುವ ಬಲ್ಲವಿಕೆ ಹೆಚ್ಚಾಗಿ ಹೆಂಗಸರದು. ಕಡೂರಿನ ಕಡೆಯ ಒಂದು ಹೊಲದಲ್ಲಿ ನಾನು ಕಳೆಗಳ ಎಣಿಕೆ ಮಾಡುತ್ತಿದ್ದಾಗ, ಕಳೆ ತೆಗೆಯಲು ಬಂದಿದ್ದ ಹಿರಿಯ ಹೆಂಗಸೊಬ್ಬರು ನನ್ನ ಚೌಕಟ್ಟಿನೊಳಗಿದ್ದ ಗಿಡಗಳನ್ನು ತೋರಿಸಿ, ಇದು ಸಾರಿಗೆ, ಇದು ಪಲ್ಯಕ್ಕೆ, ಇದು ದನಕ್ಕೆ ಎಂದು ಮೂರು ಪಾಲು ಮಾಡಿದರು. ನನ್ನ ಪುಸ್ತಕದಲ್ಲಿ ಅವೆಲ್ಲವೂ ಒಂದೇ ಪಟ್ಟಿಯಲ್ಲಿದ್ದವು.

ಈ ಸೊಪ್ಪು ಇಂದು ಎರಡು ಕಡೆಯಿಂದ ಕಾಣೆಯಾಗುತ್ತಿದೆ. ಗುರುತಿಸುವವರು ಕಡಿಮೆಯಾಗುತ್ತಿದ್ದಾರೆ, ಕಳೆನಾಶಕ ಹೆಚ್ಚಾಗುತ್ತಿದೆ. ಈರುಳ್ಳಿಯಲ್ಲಿ ಕಳೆ ಕೀಳುವ ಕೂಲಿ ಎಷ್ಟೆಂಬುದು ನನಗೆ ತಿಳಿಯದ ವಿಷಯವಲ್ಲ. ಪೆಂಡಿಮೆಥಾಲಿನ್, ಆಕ್ಸಿಫ್ಲೋರ್ಫೆನ್‌ಗಳನ್ನು ಬಳಸಲೇಬೇಡಿ ಎಂದು ಹೇಳಿದರೆ ನೀವು ಈ ಪುಟವನ್ನು ಇಲ್ಲಿಗೇ ಮಡಚಿಡುತ್ತೀರಿ. ಆದರೆ ಎರಡು ಮಾತು ನಡೆಸಿಕೊಡಿ. ಸಿಂಪಡಿಸಿದ ಹೊಲದಿಂದ ಆ ಬೆಳೆ ಮುಗಿಯುವವರೆಗೆ ಯಾವ ಸೊಪ್ಪನ್ನೂ ಅಡುಗೆಗೆ ತರಬೇಡಿ. ಸೊಪ್ಪು ಬದುಕಿ ಹಸಿರಾಗಿದೆ ಎಂದ ಮಾತ್ರಕ್ಕೆ ಅದರಲ್ಲಿ ಔಷಧಿ ಇಲ್ಲವೆಂದು ಅರ್ಥವಲ್ಲ. ಕಳೆ ಕೀಳಲು ಬರುವ ಕೂಲಿಯವರಿಗೂ ಇದನ್ನು ಬಾಯಿಬಿಟ್ಟು ಹೇಳಬೇಕು, ಏಕೆಂದರೆ ಮಡಿಲಲ್ಲಿ ಸೊಪ್ಪು ಕಟ್ಟಿಕೊಂಡು ಹೋಗುವವರು ಅವರೇ. ಎರಡನೆಯದಾಗಿ, ಬದುಗಳಿಗೆ ಮತ್ತು ತೆಂಗು, ಅಡಿಕೆಯ ಬುಡಕ್ಕೆ ಗ್ಲೈಫೋಸೇಟ್ ಹೊಡೆಯುವ ಅಭ್ಯಾಸವನ್ನು ಬಿಡಿ. ಕೇಂದ್ರ ಸರ್ಕಾರವು ೨೦೨೨ರಲ್ಲಿ ಇದರ ಬಳಕೆಯನ್ನು ನಿರ್ಬಂಧಿಸಿ ಅಧಿಸೂಚನೆ ಹೊರಡಿಸಿತು. ಬದುವಿನ ಸೊಪ್ಪು, ಹುಲ್ಲು ಮಣ್ಣನ್ನು ಹಿಡಿದಿಡುತ್ತವೆ. ಕುಡುಗೋಲಿನಿಂದ ಕೊಯ್ದರೆ ಸಾಕು.

ಬದಲಿಗೆ ಎರಡು ಗುಂಟೆಯಷ್ಟು ಜಾಗವನ್ನು, ಗಾಳಿಗೆ ಔಷಧಿ ಹಾರಿ ಬಾರದ ಮೂಲೆಯಲ್ಲಿ, ಸಿಂಪರಣೆಯಿಂದ ಹೊರಗೆ ಉಳಿಸಿ. ಅಲ್ಲಿ ಕೈಯಿಂದಲೇ ಕಳೆ ತೆಗೆಯಿರಿ, ತೆಗೆದದ್ದನ್ನು ಉಣ್ಣಿರಿ.

ಆಯುವಾಗ ಎಚ್ಚರಿಕೆ ಬೇಕು. ಉಮ್ಮತ್ತಿಯ ಎಳೆ ಗಿಡಗಳು ಸೊಪ್ಪಿನ ನಡುವೆ ಸೇರಿಕೊಳ್ಳಬಹುದು, ಅದು ವಿಷ. ಗಣಿಕೆಯ ಎಲೆಯನ್ನು ಬೇಯಿಸಿ ಉಣ್ಣಬಹುದಾದರೂ ಹಸಿರು ಕಾಯಿಗಳನ್ನು ಮಕ್ಕಳು ತಿನ್ನದಂತೆ ನೋಡಿಕೊಳ್ಳಬೇಕು. ಚರಂಡಿಯ ಅಂಚಿನ, ಹೆದ್ದಾರಿ ಪಕ್ಕದ ಸೊಪ್ಪು ಬೇಡ. ಗುರುತು ಖಚಿತವಿಲ್ಲದ ಗಿಡವನ್ನು ಬಿಟ್ಟುಬಿಡಿ.

ಬಚ್ಚಲ ನೀರು, ಹಿತ್ತಲ ಮಡಿ

ಬೇಸಿಗೆಯಲ್ಲಿ ಕುಡಿಯುವ ನೀರಿಗೇ ತೊಂದರೆ, ತರಕಾರಿಗೆ ಎಲ್ಲಿಂದ ತರುವುದೆಂಬ ಪ್ರಶ್ನೆ ನ್ಯಾಯವಾದದ್ದೇ. ಲೆಕ್ಕ ಹಾಕೋಣ. ಏಪ್ರಿಲ್ ಬಿಸಿಲಿನಲ್ಲಿ ತರಕಾರಿಗೆ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು ೫ ಲೀಟರ್ ನೀರು ಬೇಕು. ೪೦ ಚದರ ಮೀಟರ್, ಅಂದರೆ ಅರ್ಧ ಗುಂಟೆಗೂ ಕಡಿಮೆ ಜಾಗಕ್ಕೆ ೨೦೦ ಲೀಟರ್. ಐದಾರು ಜನರ ಮನೆಯಲ್ಲಿ ಸ್ನಾನಕ್ಕೆ, ಪಾತ್ರೆ ತೊಳೆಯಲು, ಅಕ್ಕಿ ಬೇಳೆ ತೊಳೆಯಲು ಬಳಸಿ ಹೊರಗೆ ಹರಿಯಬಿಡುವ ನೀರು ಹೆಚ್ಚು ಕಡಿಮೆ ಇಷ್ಟೇ ಆಗುತ್ತದೆ.

ಸೋಪಿನ ನೀರನ್ನು ಸೊಪ್ಪಿನ ಮಡಿಗೆ ನೇರವಾಗಿ ಬಿಡಬಾರದು. ಬಚ್ಚಲ ನೀರು ಮೊದಲು ಜಲ್ಲಿ, ಮರಳು ತುಂಬಿದ ಸಣ್ಣ ಗುಂಡಿಯಲ್ಲಿ ಸೋಸಿ, ಅಲ್ಲಿಂದ ಬಾಳೆ, ನುಗ್ಗೆ, ಪರಂಗಿಯ ಬುಡಕ್ಕೆ ಹೋಗಲಿ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಮತ್ತು ಉಳಿದ ಒಳ್ಳೆಯ ನೀರು ಮಡಿಗೆ. ನೀರನ್ನು ಸಂಜೆ ಹೊತ್ತು ಕೊಡಿ. ಗಿಡದ ಸಾಲುಗಳ ನಡುವೆ ತೆಂಗಿನ ನಾರು, ಅಡಿಕೆ ಸಿಪ್ಪೆ, ಒಣ ತರಗು ಏನು ಸಿಕ್ಕರೂ ಹೊದಿಸಿ. ಅಜ್ಜಂಪುರದ ಕಪ್ಪು ಮಣ್ಣು ಬಿರುಕು ಬಿಡುವುದರಿಂದ ಅಲ್ಲಂತೂ ಹೊದಿಕೆಯಿಲ್ಲದೆ ಬೇಸಿಗೆ ತರಕಾರಿ ಮಾಡುವುದು ನೀರಿನ ದಂಡ.

ಯುಗಾದಿ ಹೊತ್ತಿಗೆ ಸೌತೆಕಾಯಿ ಬೇಕಾದರೆ ಸಂಕ್ರಾಂತಿ ಕಳೆದ ಮೇಲೆ, ಫೆಬ್ರವರಿ ಮೊದಲ ವಾರದೊಳಗೆ ಬೀಜ ಊರಬೇಕು. ೪೫ರಿಂದ ೫೦ ದಿನಗಳಲ್ಲಿ ಮೊದಲ ಕಾಯಿ ಬರುತ್ತದೆ. ಬೆಂಡೆ, ಎಳೆ ಅಲಸಂದೆಗೂ ಹೆಚ್ಚು ಕಡಿಮೆ ಇದೇ ಅವಧಿ. ಗೋರಿಕಾಯಿ ಬಿಸಿಲನ್ನೂ ನೀರಿನ ಕೊರತೆಯನ್ನೂ ಇವೆಲ್ಲಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ, ಕಡೂರಿನವರು ಅದನ್ನು ಮರೆಯಬಾರದು. ಹರಿವೆ ಎಲ್ಲಕ್ಕಿಂತ ಬೇಗ. ಬೀಜವನ್ನು ಗುಂಟೆಗೆ ೨೦ ಗ್ರಾಂನಂತೆ ನುಣುಪು ಮರಳಿನಲ್ಲಿ ಬೆರೆಸಿ ಎರಚಿದರೆ ೨೫ರಿಂದ ೩೦ ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಳಿಯನ್ನು ಬುಡದಿಂದ ಕೀಳದೆ ಮತ್ತೆ ಮತ್ತೆ ಕೊಯ್ಯಬಹುದು. ಇಡೀ ಮಡಿಗೆ ಒಂದೇ ದಿನ ಬಿತ್ತದೆ ಹತ್ತು ದಿನಕ್ಕೊಂದು ಪಟ್ಟಿ ಬಿತ್ತುತ್ತಾ ಹೋದರೆ ಮನೆಗೆ ಸೊಪ್ಪು ತಪ್ಪುವುದಿಲ್ಲ.

ಸೋರೆಕಾಯಿ, ಸೌತೆಕಾಯಿ ಕಹಿಯಾಗಿದ್ದರೆ ತಿನ್ನಬೇಡಿ. ತುಂಡು ಮಾಡಿದಾಗ ನಾಲಿಗೆಯ ತುದಿಗೆ ತಾಗಿಸಿ ನೋಡುವುದು ಹಿಂದಿನವರ ಪದ್ಧತಿ, ಅದು ಸರಿಯಾದದ್ದು. ಕಹಿ ಸೋರೆಯ ರಸ ಕುಡಿದು ಪ್ರಾಣಾಪಾಯವಾದದ್ದುಂಟು. ಮಾರಾಟದ ತರಕಾರಿಗೆ ಕೀಟನಾಶಕ ಹೊಡೆದಿದ್ದರೆ ಡಬ್ಬಿಯ ಮೇಲೆ ಬರೆದಷ್ಟು ದಿನ ಕಾಯುವುದು ಕೊಳ್ಳುವವರ ಕ್ಷೇಮಕ್ಕೆಷ್ಟೋ ನಿಮ್ಮ ಕ್ಷೇಮಕ್ಕೂ ಅಷ್ಟೇ ಅಗತ್ಯ.

ಬೇಯಿಸುವ, ಬಡಿಸುವ ಬಗೆ

ಬಸ್ಸಾರು ಮಾಡುವ ಮನೆಯವರಿಗೆ ಆಹಾರ ವಿಜ್ಞಾನ ಹೇಳಿಕೊಡಬೇಕಾಗಿಲ್ಲ. ಸೊಪ್ಪು ಕಾಳು ಬೇಯಿಸಿದ ನೀರಿಗೆ ಇಳಿದ ಸತ್ತ್ವವನ್ನು ಚೆಲ್ಲದೆ ಸಾರು ಮಾಡುತ್ತಾರೆ, ಬಸಿದ ಸೊಪ್ಪನ್ನು ಒಗ್ಗರಿಸಿ ಪಲ್ಯ ಮಾಡುತ್ತಾರೆ. ಆದರೆ ಆ ಪಲ್ಯ ತಟ್ಟೆಯ ಅಂಚಿನಲ್ಲಿ ಉಪ್ಪಿನಕಾಯಿಯಷ್ಟು ಜಾಗ ಹಿಡಿಯಬಾರದು, ಮುದ್ದೆಯಷ್ಟೇ ಜಾಗ ಹಿಡಿಯಬೇಕು. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರು ಮಾತ್ರ ಸೊಪ್ಪು ಬಸಿದ ನೀರಿನ ವಿಷಯದಲ್ಲಿ ವೈದ್ಯರ ಸಲಹೆ ಪಡೆಯುವುದು ಮೇಲು.

ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಹತ್ತಬೇಕಾದರೆ ಹುಳಿ ಜೊತೆಗಿರಬೇಕು. ಮಾವಿನಕಾಯಿಯ ತುರಿ, ನಿಂಬೆ, ನೆಲ್ಲಿ ಯಾವುದಾದರೂ ಆದೀತು. ಊಟ ಮುಗಿಯುತ್ತಿದ್ದಂತೆ ಕಾಫಿ ಕುಡಿದರೆ ಆ ಕಬ್ಬಿಣದ ಬಹುಭಾಗ ನಷ್ಟವಾಗುತ್ತದೆ. ಕಾಫಿ ಜಿಲ್ಲೆಯಲ್ಲಿ ಕುಳಿತು ಈ ಮಾತು ಬರೆಯಲು ಸಂಕೋಚವಾದರೂ ಬರೆಯಬೇಕಾಗಿದೆ. ಒಂದು ಗಂಟೆ ತಡೆದು ಕುಡಿಯಿರಿ.

ರಾಮನವಮಿಯ ಕೋಸಂಬರಿಯನ್ನು ವರ್ಷಕ್ಕೊಂದು ದಿನದ ಪ್ರಸಾದವಾಗಿ ಬಿಡದೆ ವಾರಕ್ಕೆ ನಾಲ್ಕು ದಿನದ ಊಟವಾಗಿ ಮಾಡಿಕೊಳ್ಳಬಹುದು. ನೆನೆದ ಹೆಸರುಬೇಳೆ, ಸೌತೆಕಾಯಿ, ಮಾವಿನಕಾಯಿ, ಸ್ವಲ್ಪ ಕೊಬ್ಬರಿ ಅಥವಾ ಹಸಿ ಕಾಯಿ. ಹೆಸರಿನಲ್ಲಿ ನೂರಕ್ಕೆ ಸುಮಾರು ೨೪ ಪಾಲು ಸಸಾರಜನಕ, ಸೌತೆಯಲ್ಲಿ ನೂರಕ್ಕೆ ೯೫ ಪಾಲು ನೀರು. ಬಿಸಿಲಿಗೆ ಇದಕ್ಕಿಂತ ಒಪ್ಪುವ ಜೊತೆ ಇನ್ನೊಂದಿಲ್ಲ. ಪಾನಕದ ವಿಷಯ ಬೇರೆ. ಬೆಲ್ಲ ಸಕ್ಕರೆಗಿಂತ ಒಳ್ಳೆಯದೆಂದು ಲೋಟಗಟ್ಟಲೆ ಕುಡಿಯುವಂತಿಲ್ಲ, ರಕ್ತಕ್ಕೆ ಸೇರಿದ ಮೇಲೆ ಎರಡೂ ಒಂದೇ. ಹೊಲಕ್ಕೆ ಹೋಗುವವರು ಬೆಳಗ್ಗೆ ರಾಗಿ ಅಂಬಲಿಗೆ ಮಜ್ಜಿಗೆ, ಹೆಚ್ಚಿದ ಈರುಳ್ಳಿ ಸೇರಿಸಿ ಕುಡಿದರೆ ಹತ್ತು ಗಂಟೆಯವರೆಗೆ ಆಯಾಸವಾಗದು. ಹುರುಳಿ ಉಷ್ಣವೆಂದು ಈ ಕಾಲದಲ್ಲಿ ಬಿಡುವವರಿದ್ದಾರೆ. ಬಿಟ್ಟರೆ ಬಿಡಲಿ, ಆ ಜಾಗಕ್ಕೆ ಹೆಸರು, ಅಲಸಂದೆ ಬರಲಿ.

ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಹಾಕುವುದೂ ಇದೇ ಬಿಸಿಲಿನಲ್ಲಿ. ಒಬ್ಬರಿಗೆ ದಿನಕ್ಕೆ ೫ ಗ್ರಾಂ ಉಪ್ಪು, ಅಂದರೆ ಒಂದು ಚಹಾ ಚಮಚ, ಎಲ್ಲ ಸೇರಿ ಮೇಲ್ಮಿತಿ. ರಕ್ತದೊತ್ತಡ ಇರುವವರ ತಟ್ಟೆಗೆ ಉಪ್ಪಿನಕಾಯಿಯ ಬದಲು ಹಸಿ ಮಾವಿನಕಾಯಿಯ ಹೋಳು ಹೋಗಲಿ.

ಇನ್ನೊಂದು ಸಂಗತಿಯನ್ನು ಮನೆಯ ಗಂಡಸರು ಗಮನಿಸಬೇಕು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಸೊಪ್ಪನ್ನು ಆಯ್ದು, ಸೋಸಿ, ಬೇಯಿಸಿದವರು ಕೊನೆಗೆ ಉಣ್ಣಲು ಕುಳಿತಾಗ ಪಾತ್ರೆಯಲ್ಲಿ ಕಾಳು ಖಾಲಿಯಾಗಿ ಸಾರು ಉಳಿದಿರುತ್ತದೆ. ಪಲ್ಯವನ್ನು ಬಡಿಸುವ ಮೊದಲೇ ಅವರ ಪಾಲನ್ನು ತೆಗೆದಿಡುವುದು ಅಥವಾ ಎಲ್ಲರೂ ಒಟ್ಟಿಗೆ ಕೂರುವುದು ಖರ್ಚಿಲ್ಲದ ಸುಧಾರಣೆ.

ಈ ವರ್ಷ ಹರಿವೆ ಹಾಕಿದವರು ಮಡಿಯ ಅಂಚಿನ ಐದಾರು ಒಳ್ಳೆಯ ಗಿಡಗಳನ್ನು ಕೊಯ್ಯದೆ ತೆನೆಗೆ ಬಿಡಿ. ತೆನೆ ಒಣಗಿದಾಗ ಬಟ್ಟೆಯ ಮೇಲೆ ಬಡಿದು, ನೆರಳಲ್ಲಿ ಆರಿಸಿ, ಬೂದಿ ಬೆರೆಸಿ ಗಾಜಿನ ಸೀಸೆಯಲ್ಲಿಡಿ. ನುಗ್ಗೆ ಇಲ್ಲದ ಮನೆಯವರು ಕಾಯಿ ಕೊಯ್ಲು ಮುಗಿದ ಮರದಿಂದ ತೋಳಿನ ಗಾತ್ರದ, ಮೂರು ಅಡಿ ಉದ್ದದ ಕೊಂಬೆ ಕಡಿದು, ಭರಣಿ ಅಥವಾ ಕೃತ್ತಿಕಾ ಮಳೆಯ ಹದದಲ್ಲಿ ಬಚ್ಚಲ ನೀರು ಹರಿಯುವ ಕಡೆ ನೆಡಿ. ಕೊಂಬೆಯಿಂದ ಬೇಡವೆನ್ನುವವರಿಗೆ ಬೀಜದಿಂದ ಬರುವ ಭಾಗ್ಯ ತಳಿಯಿದೆ, ಅದು ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಎರಡಾಳೆತ್ತರ ಬೆಳೆಯಲು ಬಿಡದೆ, ಮೂರಡಿ ಎತ್ತರವಾದಾಗ ತುದಿ ಚಿವುಟಿ. ಸೊಪ್ಪು ಕೈಗೆ ಎಟಕುವಷ್ಟು ತಗ್ಗಿನಲ್ಲಿದ್ದರೆ ಮಾತ್ರ ದಿನವೂ ಕೊಯ್ಯುತ್ತೀರಿ.